ಹೊಳಲಿನ ಹೊಸ ಮನೆಯ ಕಿಟಕಿಗಳು

ನೀವೂ ಹೊಸ ಮನೆ ಕಟ್ಟಿಸುವ ಯೋಚನೆಯಲ್ಲಿದ್ದೀರಾ? ಹಾಗಾದರೆ ನೆಲದ ಟೈಲ್ಸು, ಗೋಡೆಯ ಬಣ್ಣ ಆರಿಸುವ ಮೊದಲು ಕಿಟಕಿಯ ವಿಚಾರವಾಗಿ ನನ್ನ ಎರಡು ಮಾತು ಕೇಳಿ. ಇದು ಪುಸ್ತಕ ಓದಿ ಕಲಿತದ್ದಲ್ಲ. ಕಳೆದ ಬೇಸಿಗೆಯಲ್ಲಿ ತವರೂರು ಹೊಳಲಿನಲ್ಲಿ ನಾಲ್ಕು ದಿನ ಇದ್ದು ಕಲಿತದ್ದು.

ಮೈಸೂರಿನಲ್ಲಿ ನಮ್ಮದೊಂದು ಸೈಟಿದೆ. ನಮ್ಮ ಯಜಮಾನರು ನಕ್ಷೆ ಮಾಡಿಸುವ ಗಡಿಬಿಡಿಯಲ್ಲಿದ್ದರು. “ನಿನ್ನ ತಮ್ಮ ಮಾಡರ್ನ್ ಮನೆ ಕಟ್ಟಿಸಿದ್ದಾನಲ್ಲ, ಕಿಟಕಿಗಳನ್ನು ನೋಡಿಕೊಂಡು ಬಾ. ನಾವೂ ಹಾಗೇ ಹಾಕಿಸೋಣ” ಎಂದು ನನ್ನನ್ನು ಬಸ್ಸು ಹತ್ತಿಸಿದರು.

ಮಂಡ್ಯದಲ್ಲಿ ಇಳಿದು ಹೊಳಲಿನ ಬಸ್ಸು ಹಿಡಿದೆ. ಪಟ್ಟಣ ಮುಗಿಯುತ್ತಲೇ ಗದ್ದೆ, ಕಬ್ಬು, ತೆಂಗು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿಯೂ ಹುಟ್ಟಿದ ಮೇಲೆ ಈ ಸೀಮೆಯ ದೆಸೆಯೇ ಬದಲಾಯಿತು. ಇಲ್ಲಿ ಮದುವೆಯೂ ಕಬ್ಬಿನ ದುಡ್ಡಿನಲ್ಲೇ, ಮನೆಯೂ ಕಬ್ಬಿನ ದುಡ್ಡಿನಲ್ಲೇ. ನೀರಿನ ಜೊತೆಗೆ ಸೊಳ್ಳೆಯೂ ಬಂತೆನ್ನಿ!

ನಮ್ಮ ಹಳೆಯದು ತೊಟ್ಟಿ ಮನೆ. ಗಾಳಿ ಬೆಳಕೆಲ್ಲ ನಡುವಿನ ತೊಟ್ಟಿಯಿಂದಲೇ ಬರಬೇಕು. ಓಣಿಯ ಕಡೆಗೆ ಕಬ್ಬಿಣದ ಸರಳಿನ ಒಂದೇ ಒಂದು ಮರದ ಕಿಟಕಿ. ಅಡಿಗೆಮನೆಗೆ ಅಂಗೈಯಗಲದ ಬೆಳಕಿಂಡಿ. ಆ ಹೊಗೆಯಲ್ಲೇ ಅವ್ವ ನಲವತ್ತು ವರ್ಷ ಮುದ್ದೆ ತಿರುವಿದಳು. ಕೆಮ್ಮು ಇಂದಿಗೂ ಬಿಟ್ಟಿಲ್ಲ. “ಅವ್ವನಿಗೆ ಬೆಳಕಿನ ಮನೆ ಕಟ್ಟಿಕೊಡ್ತೀನಿ” ಎಂದು ತಮ್ಮ ಚಿಕ್ಕಂದಿನಿಂದಲೂ ಹೇಳುತ್ತಿದ್ದ. ಸಾಲ ಮಾಡಿ ಕಟ್ಟಿಸಿಯೂ ಬಿಟ್ಟ.

ಮನೆ ನೋಡಿದರೆ ಕಣ್ಣಿಗೆ ಹಬ್ಬ. ಪಡುವಣದ ರಸ್ತೆಗೆ ಮುಖ ಮಾಡಿ ಉದ್ದುದ್ದ ಅಲ್ಯೂಮಿನಿಯಂ ಕಿಟಕಿಗಳು, ಕಪ್ಪು ಗಾಜು, ಪಕ್ಕಕ್ಕೆ ಜಾರಿಸುವ ಬಾಗಿಲು. ಮೇಲೆ ಸಜ್ಜಾ ಮಾತ್ರ ಇಲ್ಲ. ಹಾಕಿದರೆ ಮನೆಯ ಅಂದ ಕೆಡುತ್ತದಂತೆ!

ಮಧ್ಯಾಹ್ನ ಮೂರು ಗಂಟೆಗೆ ಅವ್ವನ ಕೋಣೆಗೆ ಹೋದೆ. ಪರದೆ ಎಳೆದಿತ್ತು, ಫ್ಯಾನು ತಿರುಗುತ್ತಿತ್ತು, ಒಳಗೆ ಒಲೆಯ ಮುಂದೆ ನಿಂತ ಹಾಗೆ ಝಳ. ಅವ್ವ ಎಲ್ಲಿ? ಹಿತ್ತಲಿನ ಕೊಟ್ಟಿಗೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಕೇಳಿದರೆ, “ಮಿಠಾಯಿ ಅಂಗ್ಡಿ ಗಾಜಿನ್ ಬೀರುವ್ನಾಗೆ ಮಡಗ್ದಂಗೆ ಮಡಗವ್ನೆ ಕಣವ್ವ ನನ್ನ. ಅವನಿಗೆ ಹೇಳ್ಬ್ಯಾಡ, ನೊಂದ್ಕತಾನೆ” ಎಂದಳು.

ರಾತ್ರಿ ಗಾಜು ಜಾರಿಸಿದರೆ ಸೊಳ್ಳೆಯ ದಂಡು. ಜಾರುವ ಕಿಟಕಿಗೆ ಸೊಳ್ಳೆ ಜಾಲರಿ ಬೇಕಾದರೆ ಅದಕ್ಕೆಂದೇ ಇನ್ನೊಂದು ಹಳಿ ಇರಬೇಕು, ಮೊದಲೇ ಹೇಳಿ ಮಾಡಿಸಬೇಕು. ಯಾರೂ ಹೇಳಿರಲಿಲ್ಲ.

ಮಾರನೆಯ ದಿನ ಹೊಲಿಗೆಯ ಟೇಪು ಹಿಡಿದು ಅಳೆದೆ. ಕೋಣೆ 10 ಅಡಿಗೆ 12 ಅಡಿ, ಅಂದರೆ 120 ಚದರಡಿ. ಕಿಟಕಿಗಳು ನೆಲದ ಎಂಟನೆಯ ಒಂದು ಪಾಲಾದರೂ ಇರಲಿ ಎಂಬುದು ಒಂದು ಲೆಕ್ಕ. ಆ ಪ್ರಕಾರ 15 ಚದರಡಿ ಸಾಕು. ತಮ್ಮ ಹಾಕಿಸಿದ್ದು 6 ಅಡಿಗೆ 4 ಅಡಿ, 24 ಚದರಡಿ! ಆದರೆ ಎರಡು ಬಾಗಿಲಿನ ಜಾರು ಕಿಟಕಿ ತೆರೆಯುವುದು ಅರ್ಧ ಮಾತ್ರ. ಬೆಳಕಿಗೆ 24 ಇದ್ದರೂ ಗಾಳಿಗೆ 12. ಅದೂ ಒಂದೇ ಗೋಡೆಯಲ್ಲಿ. ಬಂದ ಗಾಳಿ ಹೊರಗೆ ಹೋಗಲು ಇನ್ನೊಂದು ದಾರಿ ಇಲ್ಲದಿದ್ದರೆ ಬರುವುದೇ ಇಲ್ಲ ನೋಡಿ.

ಹೇಳಲೋ ಬೇಡವೋ ಎಂದು ಒಂದು ದಿನ ಕಳೆದೆ. ಕೊನೆಗೆ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ತಮ್ಮನ ಕೈಯ ತುತ್ತು ಹಾಗೇ ನಿಂತಿತು. “ಇಷ್ಟೆಲ್ಲ ಮಾಡಿದ್ದು ಯಾರಿಗಕ್ಕ?” ಎಂದ. ನನಗೂ ಕಣ್ಣು ತುಂಬಿತು. ಆಗ ತಮ್ಮನ ಹೆಂಡತಿಯೇ, “ಹಳೇ ಮನೆ ಕಿಟಕಿ ಕೊಟ್ಟಿಗೇಲಿ ಬಿದ್ದೈತಲ್ಲ, ಅದನ್ನೇ ಓಣಿ ಕಡೆ ಗೋಡೆಗೆ ಇಡ್ಸಿದ್ರೆ?” ಎಂದಳು. ಎಂಥ ಜಾಣೆ!

ಗೋಡೆ ಒಡೆಯುವ ಮೊದಲು ಎಂಜಿನಿಯರನ್ನು ಕರೆಸಿ ತೋರಿಸಿದರು. ಪಿಲ್ಲರಿನ ಮನೆಯಾದ್ದರಿಂದ ಅಡ್ಡಿಯಿಲ್ಲ, ಮೇಲೆ ಲಿಂಟಲ್ ಹಾಕಲೇಬೇಕು ಎಂದರು. 3 ಅಡಿಗೆ 4 ಅಡಿಯ ಹಳೆಯ ಕಿಟಕಿ, ಎರಡೂ ಬಾಗಿಲು ತೆಗೆದರೆ ಪೂರ್ತಿ 12 ಚದರಡಿ ಗಾಳಿ. ಒಳಗಡೆ ಜಾಲರಿ. ಕೂತವರಿಗೆ ಓಣಿ ಕಾಣುವಂತೆ ನೆಲದಿಂದ ಎರಡೂವರೆ ಅಡಿಗೇ ಇಡಿಸಿದರು. ಪಡುವಣದ ಗಾಜಿಗೆ ಮಳೆಗಾಗಿ ಸಜ್ಜಾ ಬಂತು. ಸಂಜೆಯ ಇಳಿಬಿಸಿಲು ಸಜ್ಜಾದ ಕೆಳಗೂ ನುಗ್ಗುವುದರಿಂದ ಎದುರಿಗೆ ಒಂದು ಹೊಂಗೆ ಸಸಿಯನ್ನೂ ನೆಟ್ಟಿದ್ದಾರೆ.

ಆದ್ದರಿಂದ ಸೋದರಿಯರೇ, ಹೊಸ ಮಾದರಿ ಬೇಡವೆಂದು ನಾನು ಹೇಳುವುದಿಲ್ಲ. ಗಾಜು ಇರಲಿ, ಅಲ್ಯೂಮಿನಿಯಂ ಇರಲಿ. ಆದರೆ ಒಂದೊಂದು ಕೋಣೆಗೂ ಎರಡು ಗೋಡೆಯಲ್ಲಿ ಕಿಟಕಿ ಕೇಳಿ. ದೊಡ್ಡ ಗಾಜನ್ನು ಬಡಗಣಕ್ಕೆ ಇಡಿಸಿ, ಬೆಳಕು ಬರುತ್ತದೆ, ಝಳ ಕಡಿಮೆ. ಅಡಿಗೆಮನೆಯಲ್ಲಿ ಕಿಟಕಿಯ ಕೆಳಗೆ ಗ್ಯಾಸ್ ಒಲೆ ಬೇಡ, ಗಾಳಿಗೆ ಉರಿ ಆರುತ್ತದೆ. ಅಲ್ಲಿ ಸಿಂಕು ಇರಲಿ, ಒಲೆ ಪಕ್ಕಕ್ಕಿರಲಿ, ಹೊಗೆ ಹೋಗಲು ಮೇಲ್ಗಡೆ ಫ್ಯಾನು ಇರಲಿ. ಎಲ್ಲಕ್ಕಿಂತ ಮೊದಲು, ಆ ಕಿಟಕಿಯ ಹತ್ತಿರ ದಿನವೆಲ್ಲ ಕೂರುವವರು ಯಾರು ಎಂದು ಯೋಚಿಸಿ. ರಸ್ತೆಯಲ್ಲಿ ಹೋಗುವವರು ಒಂದು ಗಳಿಗೆ ನೋಡಿ ಮುಂದೆ ಹೋಗುತ್ತಾರೆ.

ನಮ್ಮ ನಕ್ಷೆಯೂ ತಿದ್ದುಪಡಿಗೆ ಹೋಗಿದೆ. ಯಜಮಾನರು ಸ್ವಲ್ಪ ಗೊಣಗಿದರು, ಇರಲಿ. ಮೊನ್ನೆ ಅವ್ವನಿಗೆ ಫೋನು ಮಾಡಿದ್ದೆ. ಎರಡು ಮಾತು ಆಡುವಷ್ಟರಲ್ಲಿ, “ಇರವ್ವ, ಓಣೀಲಿ ಸೊಪ್ನೋಳು ಹೋಯ್ತಾವ್ಳೆ, ಕೂಗ್ಬೇಕು” ಎಂದು ಇಟ್ಟೇಬಿಟ್ಟಳು.