ಕಬ್ಬಿನ ಎಲೆಯೂ ರಸದ ಗಡಿಗೆಯೂ

ಶ್ರೀರಂಗಪಟ್ಟಣದ ಸಮೀಪದಲ್ಲಿರುವ ಪಾಲಹಳ್ಳಿಗೂ ಕಬ್ಬಿಗೂ ನಂಟು ಹಳೆಯದು. 1847ರಲ್ಲಿ ಅಲ್ಲಿ ಸ್ಥಾಪಿತವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಶುದ್ಧಿಗೊಳಿಸುತ್ತಿದ್ದಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದರ ಸಕ್ಕರೆಗೆ ಬಹುಮಾನವೂ ದೊರೆಯಿತು. ಕಾರ್ಖಾನೆಯು ಕಾಲಗರ್ಭವನ್ನು ಸೇರಿತಾದರೂ ಕಬ್ಬು ಆ ಸೀಮೆಯನ್ನು ಬಿಡಲಿಲ್ಲ.

ಆ ಊರಿನ ವೃದ್ಧ ರೈತನೊಬ್ಬನು, ಪರಸ್ಥಳದಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿದ್ದ ಮೊಮ್ಮಗನು ಬರುವನೆಂದು, ಆಲೆಮನೆಯಿಂದ ಒಂದು ಗಡಿಗೆ ರಸವನ್ನು ತಂದಿರಿಸಿದನು. ಹುಡುಗನು ಬಂದುದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ರಸವು ನೊರೆಯೆದ್ದು ಹೆಂಡದ ವಾಸನೆಯನ್ನು ಬೀರುತ್ತಿದ್ದಿತು.

“ತಡಮಾಡಿದೆ; ಸಿಹಿ ಹೊರಟುಹೋಯಿತು” ಎಂದನು ಮುದುಕ.

ಅದು ಹೋದ ದಾರಿಯನ್ನು ಮೊಮ್ಮಗನು ವಿವರಿಸಿದನು. ರಸದಲ್ಲಿ ಸೇರಿದ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಒಡೆದು, ಮೂರು ಇಂಗಾಲದ ಪೈರುವಿಕ್ ಆಮ್ಲವನ್ನಾಗಿ ಮಾಡುತ್ತದೆ. ಆ ಆಮ್ಲದ ತುದಿಯಲ್ಲಿರುವ ಕಾರ್ಬಾಕ್ಸಿಲ್ ಗುಂಪನ್ನು ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವವು ಕಳಚುತ್ತದೆ. ಕಳಚಿದ ಭಾಗವು ಇಂಗಾಲಾಮ್ಲ ವಾಯುವಾಗಿ ನೊರೆಯನ್ನೆಬ್ಬಿಸಿ ಗಾಳಿಗೆ ಸೇರುತ್ತದೆ. ಉಳಿದುದು ಕಡೆಗೆ ಮದ್ಯಸಾರವಾಗುತ್ತದೆ.

“ಹಾಗಾದರೆ ಆ ಕಳಚುವುದೇ ಕಳ್ಳ.”

“ಅಲ್ಲ ತಾತ, ಕಳಚುವ ಕೆಲಸವಿಲ್ಲದಿದ್ದರೆ ಕಬ್ಬು ಇಷ್ಟು ಸಿಹಿಯನ್ನು ಕೂಡಿಡುತ್ತಿರಲಿಲ್ಲ.”

1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಶೋಧನೆಯು ಈ ರಹಸ್ಯಕ್ಕೆ ಹಾದಿಯನ್ನು ತೆರೆಯಿತು. ಕಬ್ಬಿನೆಲೆಯ ಹೊರಗಣ ಕೋಶಗಳಲ್ಲಿ ಒಂದು ಕಾರ್ಬಾಕ್ಸಿಲೇಸ್, ಗಾಳಿಯಿಂದ ಬಂದ ಇಂಗಾಲವನ್ನು ಮೂರು ಇಂಗಾಲದ ವಸ್ತುವಿಗೆ ಕೂಡಿಸಿ, ನಾಲ್ಕು ಇಂಗಾಲದ ಆಮ್ಲವನ್ನು ರಚಿಸುತ್ತದೆ. ಆ ಆಮ್ಲವು ಎಲೆಯ ನರಗಳನ್ನು ಸುತ್ತುವರಿದ ಒಳಕೋಶಗಳಿಗೆ ಸಾಗಿದೊಡನೆ, ಅಲ್ಲಿನ ಬೇರೊಂದು ಕಿಣ್ವವು ಇಂಗಾಲಾಮ್ಲ ವಾಯುವನ್ನು ಮರಳಿ ಕಳಚಿಬಿಡುತ್ತದೆ! ಆದರೆ ಆ ಕೋಶಗಳ ಗೋಡೆ ದಪ್ಪ. ವಾಯುವು ಸುಲಭವಾಗಿ ಹೊರಗೆ ನುಸುಳಲಾರದೆ ಅಲ್ಲಿಯೇ ದಟ್ಟವಾಗುತ್ತದೆ. ಅಲ್ಲಿರುವ ರುಬಿಸ್ಕೋ ಎಂಬ ಕಿಣ್ವವು ಅದನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುತ್ತದೆ. ಸ್ವಭಾವತಃ ರುಬಿಸ್ಕೋ ಆಮ್ಲಜನಕವನ್ನೂ ಇಂಗಾಲಾಮ್ಲವೆಂದು ಭ್ರಮಿಸಿ ಹಿಡಿಯುವಂಥದು; ಇಂಗಾಲಾಮ್ಲವು ದಟ್ಟವಾಗಿರುವೆಡೆ ಆ ಭ್ರಮೆ ಬಹಳ ಕಡಮೆ.

“ಎರಡು ಕಡೆಯೂ ಕಳಚುವುದೇ ನಡೆಯಿತು” ಎಂದನು ಹುಡುಗ. “ಎಲೆಯಲ್ಲಿ ಬಿಟ್ಟುದನ್ನು ಹಿಡಿಯುವವರು ಪಕ್ಕದಲ್ಲಿಯೇ ಇದ್ದಾರೆ; ಗಡಿಗೆಯಲ್ಲಿ ಇಲ್ಲ.”

ಮುದುಕನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದು ಮುಗಿದ ಮೇಲೆ ನೀನು ಎಲ್ಲಿರುತ್ತೀ?” ಎಂದು ಕೇಳಿದನು.

ಮೊಮ್ಮಗನಿಗೆ ಒಡನೆ ಉತ್ತರ ತೋಚಲಿಲ್ಲ. ಅವನು ಗಡಿಗೆಯನ್ನು ಬರಿದುಮಾಡಿ, ಚೆನ್ನಾಗಿ ತೊಳೆದು, ತಾತನೊಡನೆ ಆಲೆಮನೆಯ ಕಡೆಗೆ ನಡೆದನು.