ಅಕೌಂಟೆಂಟ್ ಕಾಕಾ ಕೊಟ್ಟ ಕೇಬಲ್

ತಪ್ಪು ನನ್ನದೇ. ನಾಶಿಕದ ಮನೆಯಲ್ಲಿ ಕೂತು, ವಾಳೂಜ್‌ನ ಒಂದು ಕಾರ್ಖಾನೆಯ ರೌಟರಿಗೆ ಯಾವ ವಿಳಾಸಗಳಿಂದ ಲಾಗಿನ್ ಆಗಬಹುದು ಎಂಬ ಪಟ್ಟಿ ಬದಲಿಸಿದ್ದೆ. ನನ್ನ ವಿಳಾಸದಲ್ಲೇ ಒಂದು ಅಂಕಿ ತಪ್ಪಿತ್ತು. ಆ ಪಟ್ಟಿ ಹೊಸದಾಗಿ ಬರುವವರನ್ನಷ್ಟೇ ತಡೆಯುತ್ತದೆ, ಒಳಗಿದ್ದವರನ್ನು ಹೊರಗೆ ಹಾಕುವುದಿಲ್ಲ. ಹಾಗಾಗಿ ಏನೂ ಗೊತ್ತಾಗಲಿಲ್ಲ. ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ನೋಡದೆ ಸೇವ್ ಮಾಡಿ ಹೊರಬಂದೆ. ಬಾಗಿಲು ಬಂದ್! ಸೇವ್ ಆದ ಮೇಲೆ ರೌಟರ್ ಆಫ್ ಮಾಡಿ ಆನ್ ಮಾಡಿದರೂ ಉಪಯೋಗವಿಲ್ಲ.

ಮರುದಿನ ಬೆಳಿಗ್ಗೆ ಅಲ್ಲಿ ಇಂಟರ್ನೆಟ್ ಲೈನ್ ಬದಲಾಗುವುದಿತ್ತು. ರೌಟರಿಗೆ ಹೊಸ ಐಪಿ ಹಾಕದಿದ್ದರೆ ಇ-ವೇ ಬಿಲ್ ಇಲ್ಲದೆ ಲಾರಿಗಳು ಗೇಟಿನಲ್ಲೇ ನಿಲ್ಲುತ್ತವೆ. ಸಿಕ್ಕ ಬಸ್ ಹತ್ತಿದೆ. ಬೋರ್ಡಿನಲ್ಲಿ ಛತ್ರಪತಿ ಸಂಭಾಜಿನಗರ; 2023ರಲ್ಲೇ ಹೆಸರು ಬದಲಾದರೂ ನನ್ನ ಬಾಯಿಗೆ ಇನ್ನೂ ಔರಂಗಾಬಾದೇ ಬರುತ್ತದೆ. ಯೇವಲಾ, ವೈಜಾಪುರ ದಾಟಿ ತಲುಪುವಾಗ ಕತ್ತಲಾಗಿತ್ತು.

ನೀಲಿ ಕನ್ಸೋಲ್ ಕೇಬಲ್ಲಿಗೆ ಬೇಕಾದ ಕನ್ವರ್ಟರ್ ಮನೆಯಲ್ಲೇ ಉಳಿದಿತ್ತು. ಪುಣ್ಯಕ್ಕೆ ರೌಟರಿನಲ್ಲಿ ಮಿನಿ ಯುಎಸ್‌ಬಿ ಕನ್ಸೋಲ್ ಕೂಡ ಇತ್ತು, ನನ್ನ ಬ್ಯಾಗಿನಲ್ಲಿ ಅದಕ್ಕೆ ಹೊಂದುವ ಒಂದು ಕೇಬಲ್ಲೂ ಇತ್ತು. ಚುಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಕಾಮ್ ಪೋರ್ಟ್ ಇಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ. ಒಂದು ಗಂಟೆ ಹೋಯಿತು.

ಆಮೇಲೆ ತಲೆಗೆ ಹೊಳೆಯಿತು. ಡ್ರೈವರ್ ಸರಿಯಿಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಾದರೂ ಕಾಣಬೇಕು. ಇಲ್ಲಿ ಏನೆಂದರೆ ಏನೂ ಇಲ್ಲ. ಅಂದರೆ ಅಲ್ಲೊಂದು ಸಾಧನ ಇದೆಯೆಂದೇ ಲ್ಯಾಪ್‌ಟಾಪಿಗೆ ಗೊತ್ತಿಲ್ಲ! ನನ್ನದು ಹಳೇ ಸ್ಪೀಕರಿನ ಚಾರ್ಜಿಂಗ್ ಕೇಬಲ್. ಕರೆಂಟಿನ ಎರಡು ತಂತಿ ಇದೆ, ಡೇಟಾದ ಎರಡು ಇಲ್ಲ.

ರಾತ್ರಿ ಒಂಬತ್ತಕ್ಕೆ ಎಲ್ಲಿ ಹುಡುಕಲಿ? ಲೆಕ್ಕ ಮುಗಿಸಿ ಹೊರಟಿದ್ದ ಅಕೌಂಟೆಂಟ್ ಕಾಕಾ ನಿಂತು ಕೇಳಿದರು. (ನಮ್ಮ ಹುಬ್ಬಳ್ಳಿಯಲ್ಲೂ ಚಿಕ್ಕಪ್ಪನಿಗೆ ಕಾಕಾ ಅನ್ನುವುದರಿಂದ ಹಾಗೆ ಕರೆಯೋದು ನನಗೆ ಸಲೀಸು.) ಬ್ಯಾಕಪ್ ಇಡುವ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು ಕೊಟ್ಟರು. ಹಾಕಿದ ತಕ್ಷಣ ಕಾಮ್ 4 ಬಂತು. ಪುಟ್ಟಿ ತೆರೆದು ವೇಗ 9600 ಕೊಟ್ಟೆ. ಕಪ್ಪು ಪರದೆ. ಎದೆ ಧಸಕ್ ಎಂದಿತು. ಎಂಟರ್ ಒತ್ತಿದ ಮೇಲೆ ಲಾಗಿನ್ ಕೇಳಿತು. ಅಂಕಿ ತಿದ್ದಿ, ಬೆಳಗಿನ ಐಪಿ ಬದಲಾವಣೆಯನ್ನೂ ಸಿದ್ಧ ಮಾಡಿಟ್ಟೆ.

ಮ್ಯಾನೇಜರ್ ಸಾಹೇಬರು ಬಂದು, "ರೌಟರ್ ಖರಾಬ್ ಝಾಲಾ ಕಾ?" ಅಂದರು. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಕಾಕಾ ಪಕ್ಕದಲ್ಲೇ ನಿಂತಿದ್ದರು.

"ನಾಹೀ ಸಾಹೇಬ್, ಮಾಝೀ ಚೂಕ ಝಾಲೀ."

ಸಾಹೇಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಕ್ಯಾಂಟೀನಿಗೆ ಫೋನ್ ಮಾಡಿ ಮೂರು ಚಹಾ ಹೇಳಿದರು. ನಾನು ಕೇಬಲ್ ಸುತ್ತಿ ಕಾಕಾ ಕೈಗಿಟ್ಟೆ.