ಕಿನ್ನಾಳದ ಕುದುರೆ

ಕಳೆದ ವರ್ಷ ರಂಜಾನ್ ಹಬ್ಬದ ಸಂಜೆ ಅಮೆರಿಕದಿಂದ ನನ್ನ ಆಪಾಳ ಮಗ ವಿಡಿಯೋ ಕರೆ ಮಾಡಿದ್ದ. ಸಲಾಮು, ಶೀರ್‌ಖುರ್ಮಾ, ಸಂತೆಕಲ್ಲೂರಿನ ಬಿಸಿಲು ಎಲ್ಲದರ ಮಾತೂ ಮುಗಿದ ಮೇಲೆ ತನ್ನ ಹತ್ತು ವರ್ಷದ ಮಗಳ ಕೈಗೆ ಫೋನು ಕೊಟ್ಟ. ಅವಳು ನನ್ನನ್ನು ನೇರವಾಗಿ ತನ್ನ ಕೋಣೆಗೆ ಕರೆದೊಯ್ದಳು. ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಕುದುರೆಗಳು ನಿಂತಿದ್ದವು. ಕಂದು, ಕಪ್ಪು, ಬೂದು, ಚುಕ್ಕೆಯವು. ಪ್ಲಾಸ್ಟಿಕ್ಕಿನವೇ, ಆದರೆ ನಮ್ಮ ಜಾತ್ರೆಗಳಲ್ಲಿ ಸಿಗುವಂಥವಲ್ಲ. ಕುತ್ತಿಗೆಯ ನರ, ಮೊಣಕಾಲಿನ ಮೂಳೆ, ಗೊರಸಿನ ಅಂಚು ಎಲ್ಲ ತಿದ್ದಿ ತೀಡಿದ್ದರು. ಟಾಂಗಾದವನ ಮಗನಾದ ನನಗೆ ಕುದುರೆಯ ಕಾಲು ನೋಡುವುದು ಗೊತ್ತು. ತಪ್ಪು ಹುಡುಕಿದೆ, ಸಿಗಲಿಲ್ಲ.

"ನಿಮ್ಮ ಮನೆಯಲ್ಲೂ ಒಂದು ಕುದುರೆ ಇತ್ತಂತೆ, ಅಬ್ಬು ಹೇಳಿದರು. ಅದರ ಡಬ್ಬಿ ಇದೆಯಾ?" ಎಂದು ಕೇಳಿದಳು.

ಕುದುರೆಗೆ ಡಬ್ಬಿ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಅವಳಪ್ಪ ವಿವರಿಸಿದ. ಬ್ರೇಯರ್ ಎಂಬ ಕಂಪನಿ 1950ರಲ್ಲಿ ಶಿಕಾಗೋದಲ್ಲಿ ಒಂದು ಗಡಿಯಾರದ ಅಲಂಕಾರಕ್ಕೆಂದು ಪ್ಲಾಸ್ಟಿಕ್ ಕುದುರೆ ಮಾಡಿಕೊಟ್ಟಿತಂತೆ. ಜನ ಗಡಿಯಾರ ಬಿಟ್ಟು ಕುದುರೆಯನ್ನೇ ಕೇಳತೊಡಗಿದರು. ಇವತ್ತು ಅದು ದೊಡ್ಡ ಹವ್ಯಾಸ. 1990ರಲ್ಲಿ ಶುರುವಾದ ಅವರದೇ ಒಂದು ಜಾತ್ರೆ ಕೆಂಟಕಿಯಲ್ಲಿ ನಡೆಯುತ್ತದೆ. ಅಲ್ಲಿಗೆಂದೇ ಮಾಡಿದ, ಬೇರೆಲ್ಲೂ ಸಿಗದ ಕುದುರೆಗಳಿಗಾಗಿ ಜನ ಸಾಲು ನಿಲ್ಲುತ್ತಾರೆ. ನಿಜವಾದ ಕುದುರೆಯ ಒಂಬತ್ತನೇ ಒಂದು ಭಾಗದ ಅಳತೆಯ ಹೊಸ ಕುದುರೆಗೆ ಸುಮಾರು ಐವತ್ತು ಡಾಲರು. ಆದರೆ 1960ರ ದಶಕದಲ್ಲಿ ನೀಲಿ, ಬಂಗಾರದಂಥ ಬಣ್ಣಗಳಲ್ಲಿ ಕೆಲವೇ ಕಾಲ ಬಂದು ನಿಂತುಹೋದವು ಸಿಕ್ಕರೆ ಸಾವಿರ ಡಾಲರು ದಾಟುವುದುಂಟು. ಆಗ ಅವನ್ನು ಕೊಳ್ಳುವವರಿರಲಿಲ್ಲ, ಅದಕ್ಕೇ ಇವತ್ತು ಸಿಗುವುದಿಲ್ಲ. ಕಂಪನಿ ಹಳೆಯ ಅಚ್ಚಿನಿಂದ ಅದೇ ಬಣ್ಣದ ಕುದುರೆಯನ್ನು ಮತ್ತೆ ತೆಗೆದರೆ ಹಳೆಯದರ ಬೆಲೆ ಇಳಿಯುವುದೂ ಉಂಟು. ಕಿವಿಯ ತುದಿ ಸವೆದಿದ್ದರೆ, ಕಾಲು ಬಾಗಿದ್ದರೆ, ಬಿಳಿ ಬಣ್ಣ ಹಳದಿಗೆ ತಿರುಗಿದ್ದರೆ ಬೆಲೆ ಬೀಳುತ್ತದೆ. ಡಬ್ಬಿ ಇದ್ದರೆ ಏರುತ್ತದೆ. ಎಲ್ಲಕ್ಕಿಂತ ಹೆಚ್ಚು ಬೆಲೆ ಮಗು ಮುಟ್ಟದ ಕುದುರೆಗೆ.

ಇನ್ನೊಂದು ಮಾತು ಹೇಳಿ ಅವನೇ ನಕ್ಕ. ಆ ಹಳೆಯ ಕುದುರೆಗಳಲ್ಲಿ ಪ್ಲಾಸ್ಟಿಕ್ಕಿಗೆ ಮರದ ಗೆರೆಗಳಂತೆ ಬಣ್ಣ ಬಳಿದ ಒಂದು ಜಾತಿಯಿದೆ. ಸಂಗ್ರಹಕಾರರಿಗೆ ಅದೆಂದರೆ ಪ್ರಾಣ. "ಮಾಮೂ, ನಮ್ಮದು ಮರದ್ದೇ ಇತ್ತಲ್ಲ, ಈಗ ಎಲ್ಲಿದೆ?" ಎಂದ.

ಇಲ್ಲ ಎಂದೆ. ಮಾರಿದೆ ಎನ್ನಲು ನಾಲಿಗೆ ಏಳಲಿಲ್ಲ.

ಅಬ್ಬಾ ಸಂತೆಕಲ್ಲೂರಿನಿಂದ ಮಸ್ಕಿಗೆ ಟಾಂಗಾ ಹೊಡೆಯುತ್ತಿದ್ದರು. ಟೆಂಪೋಗಳು ಬಂದ ಮೇಲೆ ಸಂತೆಯ ದಿನವೂ ಗಿರಾಕಿ ಇಲ್ಲದಾಯಿತು. ಹುರುಳಿಗೂ ಕಾಸಿಲ್ಲ. 1988ರಲ್ಲಿ ಕುದುರೆಯನ್ನು ಕೊಪ್ಪಳದ ಕಡೆಯ ಒಬ್ಬರಿಗೆ 1,400 ರೂಪಾಯಿಗೆ ಕೊಟ್ಟು, ತಾವೇ ನಡೆಸಿಕೊಂಡು ಹೋಗಿ ಒಪ್ಪಿಸಿ ಬಂದರು. ಆಗ ಕೊಪ್ಪಳವೂ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಹೋದವರು ಮೂರನೆಯ ದಿನ ಬಂದಾಗ ಬಗಲಲ್ಲಿ ಹಳೆಯ ಚಾದರದಲ್ಲಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿದರೆ ಒಂದು ಮೊಳ ಎತ್ತರದ ಬಿಳಿ ಕುದುರೆ. ಕೆಂಪು ಜೀನು, ಹಳದಿ ಕಡಿವಾಣ, ಅಗಲ ಕಣ್ಣು. ಕಿನ್ನಾಳದ ಚಿತ್ರಗಾರರ ಕೈಯಿಂದ 60 ರೂಪಾಯಿಗೆ ತಂದಿದ್ದರು. ಅಮ್ಮಿ ಬೈದದ್ದು ಅಷ್ಟಿಷ್ಟಲ್ಲ. ಅಬ್ಬಾ ಉತ್ತರ ಕೊಡಲಿಲ್ಲ. ಅದನ್ನು ಟಾಂಗಾದ ಲಾಂದ್ರ ತೂಗುಹಾಕುತ್ತಿದ್ದ ಮೂಲೆಯಲ್ಲಿ ಇಟ್ಟರು.

ದಾದಿಗೆ ಬೇರೆ ಚಿಂತೆ. ಮನೆಯಲ್ಲಿ ಪ್ರಾಣಿಯ ಬೊಂಬೆ ಇಟ್ಟರೆ ನಮಾಜು ಹೇಗೆ? ಮಸೀದಿಯ ಮೌಲ್ವಿಯವರನ್ನೇ ಕರೆಸಿದಳು. ಅವರು ಚಹಾ ಕುಡಿದು, ಹಜರತ್ ಆಯಿಷಾರ ಕಥೆ ಹೇಳಿದರು. ಅಬೂದಾವೂದರ ಹದೀಸ್ ಸಂಗ್ರಹದಲ್ಲಿದೆ. ಎಳೆಯ ಆಯಿಷಾರ ಬೊಂಬೆಗಳ ನಡುವೆ ಬಟ್ಟೆಯ ರೆಕ್ಕೆಯ ಒಂದು ಕುದುರೆಯಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿಯವರು ಕೇಳಿದರು. ಸುಲೈಮಾನರ ಕುದುರೆಗಳಿಗೆ ರೆಕ್ಕೆಯಿದ್ದುದನ್ನು ನೀವು ಕೇಳಿಲ್ಲವೇ ಎಂದರಂತೆ ಆಯಿಷಾ. ಪ್ರವಾದಿಯವರು ದವಡೆ ಹಲ್ಲು ಕಾಣುವಂತೆ ನಕ್ಕರು. "ಮಕ್ಕಳು ಆಡಲಿ ಬಿಡಿ ಅಮ್ಮಾ, ಪೂಜೆಗೇನೂ ಇಟ್ಟಿಲ್ಲವಲ್ಲ" ಎಂದು ಮೌಲ್ವಿಯವರು ಎದ್ದುಹೋದರು. ದಾದಿ ಸುಮ್ಮನಾದಳು. ಆದರೂ ನಮಾಜಿನ ಹೊತ್ತಿಗೆ ಅದರ ಮೇಲೆ ಒಂದು ಟವೆಲ್ ಹಾಕುತ್ತಿದ್ದಳು.

ನಾವು ಆಡಿದೆವು. ಮಕ್ಕಳು ಕೂರಲು ಮಾಡಿದ್ದಲ್ಲ, ಆದರೂ ಕೂತೆವು. ಚಿಕ್ಕ ತಂಗಿ ಹಲ್ಲು ಬರುವಾಗ ಎಡಗಿವಿಯನ್ನು ಕಚ್ಚಿ ಕಚ್ಚಿ ಅರ್ಧ ಮಾಡಿದಳು. ಮದರಸಾದಲ್ಲಿ ಅಕ್ಷರ ಕಲಿತ ಹುರುಪಿನಲ್ಲಿ ನಾನು ಮೊಳೆಯಿಂದ ಅದರ ಹೊಟ್ಟೆಯ ಅಡಿ ಒಂದು 'ಮೀಮ್' ಕೆತ್ತಿದೆ. ಮೊಹರಮ್ಮಿಗೆ ಮುದಗಲ್ಲಿಗೆ ಹೋಗುವ ನೆಂಟರು ಬಂದಾಗ ಅವರ ಮಕ್ಕಳೂ ಅದರ ಬೆನ್ನು ಸವೆಸಿದರು.

2011ರಲ್ಲಿ ಅಮ್ಮಿಯ ಮೂತ್ರಪಿಂಡದ ಚಿಕಿತ್ಸೆಗೆ ರಾಯಚೂರಿಗೆ ಅಲೆಯುತ್ತಿದ್ದೆವು. ಅಬ್ಬಾ ಅಷ್ಟರಲ್ಲಿ ತೀರಿಕೊಂಡಿದ್ದರು. ಆ ದಿನಗಳಲ್ಲಿ ಹಳೆಯ ಬಾಗಿಲವಾಡ, ಹಿತ್ತಾಳೆ ಕೊಡ, ಒಳಕಲ್ಲು ಕೇಳಿಕೊಂಡು ಒಬ್ಬ ವ್ಯಾಪಾರಿ ಊರೂರು ತಿರುಗುತ್ತಿದ್ದ. ಮೂಲೆಯಲ್ಲಿದ್ದ ಕುದುರೆ ನೋಡಿ, "ಕಿವಿ ಮುರಿದದ, ಬಣ್ಣ ಹೋಗ್ಯದ, ಏನ್ ಬರತದ್ರೀ ಇದಕ್ಕ" ಎಂದು ಮೂಗೆಳೆದ. ಹಾಗೆ ಮೂಗೆಳೆದರೆ ಕೊಳ್ಳುವ ಮನಸ್ಸಿದೆ ಎಂದರ್ಥ, ಅಬ್ಬಾ ಕುದುರೆ ಸಂತೆಯ ಈ ಪಾಠ ಹೇಳಿಕೊಟ್ಟಿದ್ದರು. 500ರಿಂದ ಶುರುವಾಗಿ 1,500ಕ್ಕೆ ನಿಂತಿತು. ಜೀವಂತ ಕುದುರೆಗೆ ಸಿಕ್ಕಿದ್ದಕ್ಕಿಂತ ನೂರು ಹೆಚ್ಚು ಎಂದು ನಾನು ಒಳಗೊಳಗೇ ಹಿಗ್ಗಿದ್ದೂ ನಿಜ. ಆ ದುಡ್ಡು ಒಂದು ವಾರದ ಔಷಧಿಗೆ ಆಯಿತು.

ಆರು ವರ್ಷದ ನಂತರ ಒಂದು ಕಥಾಗೋಷ್ಠಿಗೆಂದು ಬೆಂಗಳೂರಿಗೆ ಹೋದಾಗ ಹಳೆಯ ಸಾಮಾನಿನ ಅಂಗಡಿಯೊಂದರ ಗಾಜಿನ ಹಿಂದೆ ಅಂಥದೇ ಕುದುರೆ ಕಂಡಿತು. ಅದೇ ಎತ್ತರ, ಎಡಗಿವಿ ಅರ್ಧ. ಆದರೆ ಮೈಮೇಲೆ ಬಣ್ಣವೇ ಇಲ್ಲ. ಉಜ್ಜಿ ತೆಗೆದು, ಮರ ಕಾಣುವ ಹಾಗೆ ಎಣ್ಣೆ ಹಚ್ಚಿದ್ದರು. ಬೆಲೆ ಚೀಟಿಯಲ್ಲಿ 42,000. ಎಷ್ಟು ಹಳೆಯದು ಎಂದು ಕೇಳಿದೆ. "ನೂರು ವರ್ಷದ ಮೇಲಾಯಿತು" ಎಂದ ಹುಡುಗ. ಅಷ್ಟರಲ್ಲಿ ಒಬ್ಬ ವಿದೇಶಿ ಹೆಂಗಸು ಅದನ್ನೇ ಕೇಳಿದಾಗ ಅದರ ವಯಸ್ಸು ಎಂಬತ್ತಕ್ಕೆ ಇಳಿಯಿತು! ಕಾರಣ ಆಮೇಲೆ ತಿಳಿಯಿತು. ನೂರು ವರ್ಷ ದಾಟಿದ ವಸ್ತುವನ್ನು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಊರಿನ ಗಿರಾಕಿಗೆ ಮುದುಕ, ಹೊರಗಿನ ಗಿರಾಕಿಗೆ ಪ್ರಾಯದವ.

ಹೊಟ್ಟೆಯ ಕೆಳಗೆ ನೋಡಬೇಕು ಎಂದೆ. ಹುಡುಗ ಅನುಮಾನದಿಂದಲೇ ಮಗುಚಿ ತೋರಿಸಿದ. ಅಲ್ಲಿಯೂ ನುಣ್ಣಗೆ ಉಜ್ಜಿತ್ತು. ನನ್ನ ಮೀಮ್ ಇತ್ತೋ ಇಲ್ಲವೋ, ಈಗ ಯಾರು ಹೇಳಬೇಕು?

ಮಕ್ಕಳು ಸವೆಸಿದ್ದರಿಂದ ನನ್ನ ಮನೆಯಲ್ಲಿ ಬೆಲೆ ಕಳೆದುಕೊಂಡದ್ದು ಅಲ್ಲಿ ಅದೇ ಸವೆತಕ್ಕೆ ಬೆಲೆ ಪಡೆದಿತ್ತು. ಅಮೆರಿಕದಲ್ಲಿ ಪ್ಲಾಸ್ಟಿಕ್ಕಿಗೆ ಮರದ ಬಣ್ಣ ಬಳಿದರೆ ಬೆಲೆ, ಇಲ್ಲಿ ಮರದ ಬಣ್ಣ ಕೆರೆದರೆ ಬೆಲೆ. ಮಾಡಿದವನ ಕೈಸೇರಿದ್ದು ಮಾತ್ರ ಆ 60 ರೂಪಾಯಿ. ವ್ಯಾಪಾರಿ ಮೋಸ ಮಾಡಿದ ಎಂದು ನಾನು ಹೇಳಲಾರೆ. ಅವನಿಗೆ ಗಿರಾಕಿ ಯಾರೆಂದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಅಷ್ಟೆ.

ಆ ಪ್ರಯಾಣದಲ್ಲೇ ಚನ್ನಪಟ್ಟಣದಲ್ಲಿ ಇಳಿದು ನೋಡಿದೆ. ಅಲ್ಲಿ ಈ ಕಸುಬು ಮಾಡುವ ನಮ್ಮ ಸಮುದಾಯದ ಮನೆಗಳು ಬಹಳ. ಹಾಲೆಮರವನ್ನು ತಿರುಗಣಿಗೆ ಸಿಕ್ಕಿಸಿ, ಅರಗಿನ ಕೋಲು ಒತ್ತಿ, ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಅಲ್ಲಿನ ತೂಗುಕುದುರೆ ಬೆಂಗಳೂರಿನ ಮನೆಗಳಿಗೆ ಸಾವಿರಾರು ರೂಪಾಯಿಗೆ ಹೋಗುತ್ತದೆ. ಆಮೇಲೆ ಕಾಲವೂ ಸ್ವಲ್ಪ ತಿರುಗಿತು. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣಕ್ಕೂ ಕಿನ್ನಾಳಕ್ಕೂ ಆ ಗುರುತಿದೆ. ಚೀನಾದ ಅಗ್ಗದ ಕುದುರೆಗಳ ಮುಂದೆ ನಿಲ್ಲಲು ಇಷ್ಟಾದರೂ ಬೇಕಿತ್ತು.

ಈದ್ ಕರೆಯ ಮರುತಿಂಗಳು ನಾನು ಕಿನ್ನಾಳಕ್ಕೆ ಹೋದೆ. ಅಬ್ಬಾ ಯಾರ ಕೈಯಿಂದ ಕೊಂಡರೋ ತಿಳಿಯದು. ಒಂದು ಮನೆಯ ಜಗಲಿಯಲ್ಲಿ ಅರವತ್ತು ದಾಟಿದ ಚಿತ್ರಗಾರರು ದೇವಿಯ ಮುಖಕ್ಕೆ ಬಣ್ಣ ಕೊಡುತ್ತಿದ್ದರು. ಕುದುರೆ ಎಂದಾಗ ಕುಂಚ ಇಟ್ಟು ಕೂತರು. "ಈಗ ದೇವರೇ ಹೆಚ್ಚ್ರೀ ಸಾಹೇಬ್ರ. ಕುದುರಿ ಕೇಳೋರು ಕಡಿಮಿ" ಎಂದರು. ಹಗುರ ಮರದಲ್ಲಿ ಅಂಗ ಅಂಗ ಬೇರೆ ಕೊರೆದು ಜೋಡಿಸಬೇಕು. ನೆನೆಸಿದ ಸೆಣಬಿನ ಚಿಂದಿಯನ್ನು ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಸಂದುಗಳಿಗೆ ಮೆತ್ತಬೇಕು. ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ನಾಲ್ಕು ಕಾಲು ನೆಲಕ್ಕೆ ಸಮ ನಿಲ್ಲಿಸುವುದೇ ದೊಡ್ಡ ಕೆಲಸವಂತೆ. ಬೆಲೆ ಕೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, 4,000 ಎಂದರು. ನನ್ನ ಮುಖ ನೋಡಿ, ನಾನು ಬಾಯಿ ತೆರೆಯುವ ಮೊದಲೇ 3,500 ಎಂದರು.

ನಾಲ್ಕೇ ಇರಲಿ ಎಂದೆ. ಅವರಿಗೆ ಅದು ವಿಚಿತ್ರವೆನಿಸಿರಬೇಕು.

500 ಮುಂಗಡ ಎಣಿಸಿ ಕೊಟ್ಟೆ. ಅವರು ನೋಟು ಮಡಚುತ್ತ, "ಶೋಕೇಸಿಗೆ ಏನ್ರೀ, ಹುಡುಗರು ಆಡಾಕ?" ಎಂದು ಕೇಳಿದರು. ನನ್ನ ಕಣ್ಣ ಮುಂದೆ ಅಮೆರಿಕದ ಹಲಗೆಯೂ ಬಂತು, ನಮ್ಮ ಮನೆಯ ಮೂಲೆಯೂ ಬಂತು.

"ಆಡಾಕ," ಎಂದೆ.

"ಹಂಗಾದ್ರ ಕಿವಿ ದಪ್ಪ ಬಿಡ್ತೀನಿ," ಎಂದು ಅವರು ಮತ್ತೆ ಕುಂಚ ಎತ್ತಿಕೊಂಡರು.